ಕನಕಾಂಬರಕ್ಕೆ ಸಸಿ ತರುವಾಗ ಎಚ್ಚರಿಕೆ

ಕನಕಾಂಬರದ ಹೂವಿಗೆ ಪರಿಮಳವಿಲ್ಲ. ಆದರೂ ಮಲ್ಲಿಗೆಯ ಜೊತೆ ಸೇರಿಸಿ ಕಟ್ಟಲು ಇದಕ್ಕೆ ಸರಿಸಾಟಿಯಾದ ಹೂ ಸಿಗುವುದು ಕಷ್ಟ. ಕಿತ್ತ ಹೂ ಬೇಗ ಬಾಡದು; ಬಲು ಹಗುರವಾದ್ದರಿಂದ ದೂರದ ಪೇಟೆಗೂ ಸಾಗಿಸಬಹುದು. ಒಂದು ಕಿಲೋ ತೂಗಲು ಸುಮಾರು 15,000 ಹೂಗಳು ಬೇಕು. ಆಡುಸೋಗೆಯ ಕುಟುಂಬಕ್ಕೆ ಸೇರಿದ ಈ ಗಿಡ ನಮ್ಮ ದಕ್ಷಿಣ ಭಾರತದ್ದೇ ಆಗಿದ್ದು, ಬಹುವಾರ್ಷಿಕ. ನಾಟಿಯಾದ ಎರಡು ಮೂರು ತಿಂಗಳಿಗೆ ಹೂ ಬಿಡತೊಡಗಿ, ಆರೋಗ್ಯವಾಗಿದ್ದರೆ ಎರಡು ಮೂರು ವರ್ಷಗಳವರೆಗೆ ಫಸಲು ಕೊಡುತ್ತದೆ.

ಆದರೆ ವರ್ಷ ತುಂಬುವ ಮೊದಲೇ ಸೊರಗುವ ತೋಟಗಳು ಕಡಿಮೆಯಿಲ್ಲ. ಗಿಡ ಕುಳ್ಳಾಗುತ್ತದೆ, ಎಲೆ ಸಣ್ಣದಾಗಿ ಹಳದಿ ಅಥವಾ ನಸುಗೆಂಪು ಬಣ್ಣಕ್ಕೆ ತಿರುಗುತ್ತದೆ, ಹೂತೆನೆ ಗಿಡ್ಡವಾಗುತ್ತದೆ. ಗೊಬ್ಬರ ಸಾಲದೆಂದು ಯೂರಿಯಾ ಹಾಕುವವರೂ, ನೀರು ಸಾಲದೆಂದು ದಿನವೂ ಹಾಯಿಸುವವರೂ ಉಂಟು. ಎರಡರಿಂದಲೂ ಪ್ರಯೋಜನವಿಲ್ಲ. ಇಂತಹ ಗಿಡವೊಂದನ್ನು ಗುದ್ದಲಿಯಿಂದ ಮೆಲ್ಲಗೆ ಎಬ್ಬಿಸಿ, ಬೇರನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆದು ನೋಡಬೇಕು. ಎಳೆಬೇರುಗಳು ಉದುರಿಹೋಗಿ, ಉಳಿದವುಗಳ ಮೇಲೆ ಕಂದು ಅಥವಾ ಕಪ್ಪು ಗಾಯಗಳಿದ್ದರೆ ಅದು ಬೇರಿಗೆ ಗಾಯ ಮಾಡುವ ಜಂತುಹುಳುವಿನ ಲಕ್ಷಣ. ಸಣ್ಣ ಗಂಟುಗಳಿದ್ದರೆ ಬೇರುಗಂಟು ಜಂತುಹುಳು ಸೇರಿದೆ ಎಂದು ತಿಳಿಯಬೇಕು. ಈ ಹುಳುಗಳು ಒಂದು ಮಿಲಿಮೀಟರಿಗಿಂತ ಚಿಕ್ಕವು, ಬರಿಗಣ್ಣಿಗೆ ಬೀಳವು. ಇವು ಮಾಡಿದ ಗಾಯಗಳ ಮೂಲಕ ಸೊರಗು ರೋಗದ ಶಿಲೀಂಧ್ರ ಒಳಹೊಕ್ಕ ಮೇಲೆ ಗಿಡ ಉಳಿಯುವುದಿಲ್ಲ.

ಜಂತುಹುಳು ತಾನಾಗಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ನಡೆದು ಬರಲಾರದು. ಅದನ್ನು ತರುವವರು ನಾವೇ. ನೇಗಿಲು, ಗುದ್ದಲಿಗಳಿಗೆ ಅಂಟಿದ ಮಣ್ಣು, ಹರಿಯುವ ನೀರು ಇವೂ ಕಾರಣಗಳೇ. ಆದರೆ ಕನಕಾಂಬರದಲ್ಲಿ ಮುಖ್ಯ ದಾರಿ ಬೇರುಸಹಿತ ಸಸಿ. ನೆಂಟರಿಷ್ಟರು ಸಸಿ ಕೊಡುವಾಗ ಬುಡದ ಮಣ್ಣು ಉದುರದಂತೆ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟರೆ ಅದನ್ನು ಪ್ರೀತಿಯ ಗುರುತೆಂದು ಭಾವಿಸುವುದು ವಾಡಿಕೆ. ಪ್ರೀತಿಯೇನೋ ನಿಜ, ಆ ಹಿಡಿ ಮಣ್ಣಿನಲ್ಲಿ ಬರುವ ಅತಿಥಿಗಳು ಮಾತ್ರ ಬೇಡ.

ಪರಿಹಾರ ಸುಲಭ. ಬೀಜದಲ್ಲಿಯೂ, ನೆಲದಿಂದ ಮೇಲಿರುವ ಎಳೆಯ ಕುಡಿಯಲ್ಲಿಯೂ ಬೇರಿನ ಈ ಹುಳುಗಳು ಇರುವುದಿಲ್ಲ. ಆದ್ದರಿಂದ ಕನಕಾಂಬರವನ್ನು ಬೀಜವಾಗಿ ಅಥವಾ ಕುಡಿ ತುಂಡಾಗಿ ಮಾತ್ರ ಮನೆಗೆ ತರಬೇಕು.

ಡೆಲ್ಲಿ ಕನಕಾಂಬರ ತ್ರಿಗುಣಿತ ತಳಿಯಾದ್ದರಿಂದ ಬೀಜ ಕಟ್ಟುವುದಿಲ್ಲ. ಇದಕ್ಕೆ ತುಂಡುಗಳೇ ಗತಿ. ಸೊರಗದ, ಹುರುಪಾದ ತಾಯಿಗಿಡವನ್ನು ಆರಿಸಿ, ತುದಿಯಿಂದ ನಾಲ್ಕು ಅಂಗುಲದ ತುಂಡು ಕತ್ತರಿಸಿ, ಕೆಳಗಿನ ಎಲೆ ಮತ್ತು ಹೂತೆನೆ ತೆಗೆದು, ತೊಳೆದ ಮರಳಿನಲ್ಲಿ ನೆರಳಿನಡಿ ಊರಬೇಕು. ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಅಂಬರ, ಅರ್ಕ ಕನಕ ಮುಂತಾದ ತಳಿಗಳನ್ನೂ, ಗುಣ ಕೆಡದಿರಲು, ತುಂಡುಗಳಿಂದ ಬೆಳೆಸುವುದು ಲೇಸು.

ಬೀಜದಿಂದ ಬೆಳೆಯುವ ಕಿತ್ತಳೆ ಬಣ್ಣದ ನಾಟಿ ಬಗೆಗೆ ಬೇರೆಯೇ ಜಾಗ್ರತೆ ಬೇಕು. ಒಣಗಿದ ಕಾಯಿಗೆ ನೀರು ಸೋಕಿದರೆ ಪಟ್ಟನೆ ಸಿಡಿಯುತ್ತದೆಂದು ಮಕ್ಕಳೆಲ್ಲರಿಗೂ ಗೊತ್ತು. ಒಂದು ಮಳೆ ಬಿದ್ದರೆ ಬೀಜವೆಲ್ಲ ನೆಲದ ಪಾಲು. ತೆನೆ ಕಂದು ಬಣ್ಣಕ್ಕೆ ತಿರುಗಿದೊಡನೆ ಕತ್ತರಿಸಿ, ಅಗಲ ತಟ್ಟೆಯಲ್ಲಿ ಹರಡಿ ಮೇಲೆ ತೆಳುವಾದ ಬಟ್ಟೆ ಮುಚ್ಚಿ ಒಣಗಿಸಬೇಕು. ಹೊಸ ಬೀಜವನ್ನೇ ಬಿತ್ತಬೇಕು.

ಸಸಿಮಡಿಯ ಮಣ್ಣು ಕೂಡ ಶುದ್ಧವಾಗಿರಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಮಡಿಗೆ ನೀರುಣಿಸಿ, ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಸಿಲು ಕಾಯಿಸಬೇಕು. ಟೊಮ್ಯಾಟೊ, ಬದನೆ, ಬೆಂಡೆ ಬೆಳೆದ ತಾಕಿನಲ್ಲಿ ಬೇರುಗಂಟು ಹುಳು ಇರುವ ಸಂಭವ ಹೆಚ್ಚು. ಅಲ್ಲಿ ಕೂಡಲೇ ಕನಕಾಂಬರ ಹಾಕಬಾರದು.

ಉಳಿದ ಬೇಸಾಯ ಕಷ್ಟದ್ದಲ್ಲ. ನೀರು ಬಸಿದು ಹೋಗುವ ಕೆಂಪು ಗೋಡು ಮಣ್ಣು ಉತ್ತಮ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಕೊಟ್ಟು, ಸಾಲಿನಿಂದ ಸಾಲಿಗೆ ಎರಡು ಅಡಿ, ಸಾಲಿನಲ್ಲಿ ಒಂದು ಅಡಿ ಅಂತರದಲ್ಲಿ ಮುಂಗಾರಿನ ಆರಂಭಕ್ಕೆ ನಾಟಿ ಮಾಡಬೇಕು. ಡೆಲ್ಲಿ ತಳಿ ಹರಡಿ ಬೆಳೆಯುವುದರಿಂದ ಅದಕ್ಕೆ ಇನ್ನೂ ನಾಲ್ಕು ಅಂಗುಲ ಹೆಚ್ಚು ಕೊಡಬೇಕು. ತೆಂಗಿನ ತೋಟದ ತೆಳುನೆರಳು ಇದಕ್ಕೆ ಒಗ್ಗುತ್ತದೆ. ಹೂವನ್ನು ದಿನ ಬಿಟ್ಟು ದಿನ ಬೆಳಗಿನ ಜಾವದಲ್ಲೇ ಬಿಡಿಸಬೇಕು. ಹೂ ಮುಗಿದ ತೆನೆಗಳನ್ನು ಚಿವುಟಿದರೆ ಹೊಸ ತೆನೆ ಬೇಗ ಬರುತ್ತದೆ.

ಈಗಾಗಲೇ ಹುಳು ಸೇರಿದ ತೋಟವಾದರೆ ಬಲವಾಗಿ ಸೊರಗಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು, ತಿಪ್ಪೆಗೆ ಹಾಕಬಾರದು. ಉಳಿದವುಗಳ ಬುಡಕ್ಕೆ ಬೇವಿನ ಹಿಂಡಿ ಮತ್ತು ಟ್ರೈಕೊಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಸ್ವಲ್ಪ ಚೇತರಿಕೆ ಕಾಣಬಹುದು. ಹಿಂದೆ ಫೋರೇಟ್ ಹರಳು ಹಾಕುವ ರೂಢಿಯಿತ್ತು. 2020ರ ಡಿಸೆಂಬರ್ 31ರಿಂದ ಅದರ ಮಾರಾಟ, ಬಳಕೆ ಎರಡೂ ನಿಷಿದ್ಧ. ಯಾರಾದರೂ ಹಳೆಯ ಚೀಲ ಕೊಡಲು ಬಂದರೆ ಬೇಡವೆನ್ನಿ. ತೋಟವಿಡೀ ಕೆಟ್ಟಿದ್ದರೆ ಕಿತ್ತು, ಬೇಸಿಗೆಯಲ್ಲಿ ಆಳವಾಗಿ ಉತ್ತು ಬಿಸಿಲಿಗೆ ಬಿಟ್ಟು, ಮುಂದಿನ ಹಂಗಾಮಿಗೆ ಚೆಂಡು ಹೂ ಬೆಳೆಯುವುದು ಜಾಣತನ. ಚೆಂಡು ಹೂವಿನ ಬೇರು ಜಂತುಹುಳುಗಳನ್ನು ತಗ್ಗಿಸುತ್ತದೆ, ದಸರಾ–ದೀಪಾವಳಿಗೆ ಹಣವೂ ಕೈಗೆ ಬರುತ್ತದೆ.

ಸಂಶಯವಿದ್ದಲ್ಲಿ ಐದಾರು ಗಿಡಗಳ ಬುಡದಿಂದ ಅರ್ಧ ಅಡಿ ಆಳದ ತೇವದ ಮಣ್ಣನ್ನೂ ಎಳೆಬೇರುಗಳನ್ನೂ ತೆಗೆದು, ಪಾಲಿಥೀನ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗಿಸದೆ ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಮಣ್ಣನ್ನು ಒಣಗಿಸಿ ತಂದರೆ ಹುಳು ಸತ್ತು ಪರೀಕ್ಷೆ ವ್ಯರ್ಥವಾಗುತ್ತದೆ.