ನಾದದ ಬೆಳಕು

ಇಂದ್ರಿಯಗಳಲ್ಲಿ ಕಣ್ಣಿಗೆ ಮೊದಲ ಸ್ಥಾನವನ್ನು ಕೊಡುವುದು ಲೋಕದ ವಾಡಿಕೆ. ಆದ್ದರಿಂದಲೇ ಕಣ್ಣಿಲ್ಲದವನ ಬದುಕು ಬರಿಯ ಕತ್ತಲೆಯೆಂದು ಜನ ಬಹುಕಾಲ ನಂಬಿದ್ದರು. ಬಡವರ ಮನೆಯಲ್ಲಿ ಅಂಧ ಶಿಶು ಹುಟ್ಟಿತೆಂದರೆ ಅದರ ಪಾಲಿಗೆ ಉಳಿಯುತ್ತಿದ್ದುದು ಗುಡಿಯ ಬಾಗಿಲು, ಜಾತ್ರೆಯ ದಾರಿ ಮತ್ತು ಭಿಕ್ಷಾಪಾತ್ರೆ. ಅಂಥ ಮಕ್ಕಳ ಕೈಯಿಂದ ಭಿಕ್ಷಾಪಾತ್ರೆಯನ್ನು ಬಿಡಿಸಿ ತಂಬೂರಿಯನ್ನು ಕೊಟ್ಟ ಸಂಸ್ಥೆಯೊಂದು ಕನ್ನಡ ನಾಡಿನಲ್ಲಿದೆ. ಅದೇ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದನ್ನು ಬೆಳೆಸಿದ ಗುರುಗಳಿಬ್ಬರೂ ಸ್ವತಃ ಅಂಧರಾಗಿದ್ದರೆಂಬುದು ಅದರ ಹಿರಿಮೆ.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಗ್ರಾಮವಿದೆ. 1892ರಲ್ಲಿ ಅಲ್ಲಿಯ ಬಡ ಮನೆತನವೊಂದರಲ್ಲಿ ಗದಿಗೆಯ್ಯನೆಂಬ ಬಾಲಕ ಹುಟ್ಟಿದನು. ಅವನಿಗೂ ಅವನ ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಆದರೆ ಇಬ್ಬರಿಗೂ ಇಂಪಾದ ಕಂಠವಿತ್ತು. ಒಮ್ಮೆ ಕೇಳಿದ್ದನ್ನು ಮರೆಯದ ನೆನಪಿತ್ತು. ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಈ ಸೋದರರ ಗಾನವನ್ನು ಕೇಳಿ ಸಂತೋಷಪಟ್ಟರು. ಮರುಕದಿಂದ ನಾಲ್ಕು ಕಾಸು ಕೊಟ್ಟು ಕಳುಹಿಸಿಬಿಡಲಿಲ್ಲ; ಅವರಿಗೆ ಸಂಗೀತ ಶಿಕ್ಷಣ ದೊರೆಯುವಂತೆ ಏರ್ಪಾಡು ಮಾಡಿದರು. ಅಣ್ಣನು ಅಕಾಲದಲ್ಲಿ ತೀರಿಕೊಂಡನು. ತಮ್ಮನು ಎದೆಗುಂದದೆ ಸಾಧನೆಯನ್ನು ಮುಂದುವರಿಸಿ, ನೀಲಕಂಠಬುವಾ ಮಿರಜಕರರಂಥ ವಿದ್ವಾಂಸರಲ್ಲಿ ಪಾಠ ಹೇಳಿಸಿಕೊಂಡನು. ಹಿಂದೂಸ್ಥಾನಿ ಮತ್ತು ಕರ್ನಾಟಕ ಸಂಗೀತಗಳೆರಡರಲ್ಲಿಯೂ ಪ್ರೌಢಿಮೆಯನ್ನು ಪಡೆದ ಆತನೇ ಮುಂದೆ 'ಉಭಯಗಾನ ವಿಶಾರದ' ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದರು.

ವಿದ್ಯೆ ಕೈಗೂಡಿದ ಮೇಲೆ ಗವಾಯಿಗಳು ಯಾವುದಾದರೂ ಆಸ್ಥಾನವನ್ನು ಸೇರಿ ಸುಖವಾಗಿ ಬಾಳಬಹುದಾಗಿತ್ತು. ಅವರು ಹಿಡಿದ ದಾರಿಯೇ ಬೇರೆ. ತಮ್ಮಂತೆಯೇ ದೃಷ್ಟಿಯಿಲ್ಲದ ಮಕ್ಕಳನ್ನೂ ದಿಕ್ಕಿಲ್ಲದ ಬಡ ಮಕ್ಕಳನ್ನೂ ಕೂಡಿಸಿಕೊಂಡು ಅವರಿಗೆ ಸಂಗೀತವನ್ನು ಕಲಿಸತೊಡಗಿದರು. 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಆರಂಭವಾದ ಈ ಪಾಠಶಾಲೆಗೆ ಬಹುಕಾಲ ಒಂದು ನೆಲೆಯೆಂಬುದೇ ಇರಲಿಲ್ಲ. ಅದು ಸಂಚಾರಿ ಶಾಲೆ. ಗುರುವೂ ಶಿಷ್ಯರೂ ವಾದ್ಯಗಳೊಡನೆ ಊರಿಂದ ಊರಿಗೆ ಸಾಗುತ್ತಿದ್ದರು. ಮಠದಲ್ಲಿಯೋ ಗುಡಿಯಲ್ಲಿಯೋ ಬಿಡಾರ, ಸಂಜೆಗೆ ಗಾಯನ, ಊರವರು ಕೊಟ್ಟ ಧಾನ್ಯವೇ ಮರುದಿನದ ಅನ್ನ. ಮಳೆ ತಪ್ಪಿದ ವರ್ಷ ಕೇಳುವವರ ಮನೆಯಲ್ಲಿಯೇ ಕಾಳಿಲ್ಲವಾದಾಗ ಹಾಡುವವರಿಗೆ ಸಿಗುವುದೇನು? ಅಂಥ ದಿನಗಳಲ್ಲಿ ಗವಾಯಿಗಳು ತಾವೇ ಜೋಳಿಗೆ ಹಿಡಿದು ಮಕ್ಕಳನ್ನು ಸಲಹಿದರು. ಕೊನೆಗೆ ಗದಗಿನ ದಾನಿಗಳೊಬ್ಬರು ಸ್ಥಳ ನೀಡಿದ್ದರಿಂದ ಆಶ್ರಮ ಅಲ್ಲಿ ನೆಲೆನಿಂತಿತು. ಜಾತಿಮತಗಳ ಭೇದವೆಣಿಸದೆ ಅದು ಮಕ್ಕಳನ್ನು ಬರಮಾಡಿಕೊಂಡಿತು.

ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಕಲಿಸುವುದು ಹೇಗೆ? ನಮ್ಮ ಸಂಗೀತವು ಮೂಲತಃ ಬಾಯಿಂದ ಕಿವಿಗೆ ಸಾಗಿಬಂದ ವಿದ್ಯೆ. ಗುರು ಒಂದು ಸ್ವರಗುಚ್ಛವನ್ನು ಹಾಡುತ್ತಾನೆ. ಶಿಷ್ಯ ಅದನ್ನು ಮರಳಿ ಹಾಡುತ್ತಾನೆ. ತಪ್ಪಿದರೆ ಮತ್ತೆ ಮೊದಲಿನಿಂದ. ಪುಸ್ತಕದ ಆಸರೆಯಿಲ್ಲದ ಕಾರಣ ಪಾಠವೆಲ್ಲ ನೆನಪಿನಲ್ಲಿ ಬೇರೂರುತ್ತದೆ. ವಾದ್ಯವನ್ನು ಕಲಿಸುವಾಗ ಗುರು ಶಿಷ್ಯನ ಬೆರಳುಗಳನ್ನು ಹಿಡಿದು ಸರಿಯಾದ ಎಡೆಯಲ್ಲಿ ಇರಿಸುತ್ತಾನೆ.

ತಾಳವನ್ನೂ ಕಿವಿಯೇ ಅಳೆಯಬಲ್ಲದು. ಉದಾಹರಣೆಗೆ ತೀನತಾಲವನ್ನು ನೋಡಬಹುದು. ಅದರಲ್ಲಿ ಹದಿನಾರು ಮಾತ್ರೆಗಳು. ಮೊದಲನೆಯ ಮಾತ್ರೆಗೆ 'ಸಮ' ಎಂದು ಹೆಸರು. ಗಾಯಕ ಎಷ್ಟು ದೂರ ಸಂಚರಿಸಿದರೂ ಅಲ್ಲಿಗೆ ಬಂದು ಸೇರಬೇಕು. ಒಂಬತ್ತನೆಯ ಮಾತ್ರೆಯಿಂದ 'ಖಾಲಿ' ವಿಭಾಗ ಮೊದಲಾಗುತ್ತದೆ. ಅಲ್ಲಿ ತಬಲಾದ ಎಡಭಾಗವಾದ ಡಗ್ಗದ ಗಂಭೀರ ನಾದ ತಗ್ಗುತ್ತದೆ. ಅದು ಮತ್ತೆ ಕೇಳಿಸಿದಾಗ ಸಮ ಸಮೀಪಿಸಿತೆಂದು ತಿಳಿಯುತ್ತದೆ. ನೋಡಬಲ್ಲ ಕಲಾವಿದರು ಕಣ್ಸನ್ನೆಯಿಂದ ಒಬ್ಬರನ್ನೊಬ್ಬರು ಎಚ್ಚರಿಸಿಕೊಳ್ಳುವುದುಂಟು. ಆಶ್ರಮದ ಮಕ್ಕಳಿಗೆ ಈ ನಾದದ ಏರಿಳಿತವೇ ಸನ್ನೆಯಾಯಿತು.

ಗವಾಯಿಗಳ ಶಿಷ್ಯರಲ್ಲಿ ದೃಷ್ಟಿಯುಳ್ಳವರೂ ಇದ್ದರು. ಅವರಲ್ಲಿ ಅಗ್ರಗಣ್ಯರು ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರು. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ 1936ರಲ್ಲಿ ಹಂಪೆಯಲ್ಲಿ ಜರುಗಿದಾಗ ತರುಣ ರಾಜಗುರು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ಅಂದು ಅವರಿಗೆ ತಬಲಾ ಸಾಥಿ ನೀಡಿದವರು ಬೇರಾರೂ ಅಲ್ಲ, ಗುರು ಪಂಚಾಕ್ಷರಿ ಗವಾಯಿಗಳೇ! ಶಿಷ್ಯನು ಮುಂದೆ ಕುಳಿತು ಹಾಡುವಾಗ ಗುರು ಪಕ್ಕದಲ್ಲಿ ಕುಳಿತು ತಾಳ ಹಿಡಿಯುವುದಕ್ಕಿಂತ ಹೆಚ್ಚಿನ ಔದಾರ್ಯ ಯಾವುದಿದೆ?

1944ರ ಜೂನ್ ತಿಂಗಳಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಭಾರವೆಲ್ಲ ಮೂವತ್ತು ವರ್ಷದ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಂದಿತು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜರು ಶೈಶವದಲ್ಲಿಯೇ ದೃಷ್ಟಿಯನ್ನೂ ತಂದೆತಾಯಿಗಳನ್ನೂ ಕಳೆದುಕೊಂಡವರು. ಸೋದರಮಾವನ ಆಶ್ರಯದಲ್ಲಿ ಬೆಳೆದು ಆಶ್ರಮವನ್ನು ಸೇರಿದವರು. ಮಕ್ಕಳ ಹಸಿವಾದರೋ ಗುರುವಿನ ಅಗಲಿಕೆಯ ಶೋಕ ತೀರಲೆಂದು ಕಾಯುವುದಿಲ್ಲ. ಪುಟ್ಟರಾಜರು ನಾಟಕಗಳನ್ನು ರಚಿಸಿದರು. ನಾಟ್ಯಸಂಘವನ್ನು ನಡೆಸಿ ಅದರ ಆದಾಯದಿಂದ ಆಶ್ರಮದ ಒಲೆ ಆರದಂತೆ ನೋಡಿಕೊಂಡರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮುಂತಾದ ವಾದ್ಯಗಳೆಲ್ಲ ಅವರಿಗೆ ವಶವಾಗಿದ್ದವು. ಬ್ರೈಲ್ ಲಿಪಿಯನ್ನು ಬಲ್ಲ ಅವರು ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿಯೂ ಗ್ರಂಥಗಳನ್ನು ಬರೆದರು. ಭಕ್ತರು ನಾಡಿನಾದ್ಯಂತ ಅವರಿಗೆ ಸಾವಿರಾರು ತುಲಾಭಾರಗಳನ್ನು ನೆರವೇರಿಸಿದರು. ಹಾಗೆ ಬಂದ ಹಣ ಮಕ್ಕಳ ಅನ್ನಕ್ಕೂ ವಿದ್ಯೆಗೂ ಸಂದಿತು. 2010ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಅರವತ್ತಾರು ವರ್ಷಗಳ ಕಾಲ ಅವರು ಗುರುವಿನ ಹೊಣೆಯನ್ನು ಹೊತ್ತಿದ್ದರು.

ಇಂಥ ಸಾಹಸ ನಮ್ಮ ನಾಡಿನಲ್ಲಿ ಮಾತ್ರ ನಡೆದುದಲ್ಲ. ಪಂಚಾಕ್ಷರಿ ಗವಾಯಿಗಳ ಕೊನೆಯ ವರ್ಷಗಳಲ್ಲಿಯೇ ಅಮೆರಿಕದ ಅಲಬಾಮಾ ರಾಜ್ಯದಲ್ಲಿಯೂ ಅಂಧ ಬಾಲಕರ ಗುಂಪೊಂದು ಹಾಡತೊಡಗಿತ್ತು. ಅಲ್ಲಿ ಕರಿಯರಿಗೂ ಬಿಳಿಯರಿಗೂ ಶಾಲೆಗಳು ಬೇರೆ ಬೇರೆ. ಟ್ಯಾಲಡೀಗ ಎಂಬ ಪಟ್ಟಣದಲ್ಲಿ ಕರಿಯ ಜನಾಂಗದ ಅಂಧ ಮಕ್ಕಳಿಗಾಗಿಯೇ ಒಂದು ಶಾಲೆಯಿತ್ತು. ಪೊರಕೆ ಕಟ್ಟುವುದು, ಕುರ್ಚಿ ಹೆಣೆಯುವುದು ಮುಂತಾದ ಕಸಬುಗಳನ್ನು ಅಲ್ಲಿ ಕಲಿಸುತ್ತಿದ್ದರು. ಅಷ್ಟಕ್ಕೇ ತೃಪ್ತರಾಗದ ಕೆಲವು ಬಾಲಕರು 1939ರಲ್ಲಿ ಗಾಯನ ತಂಡವೊಂದನ್ನು ಕಟ್ಟಿದರು. ಕ್ಲಾರೆನ್ಸ್ ಫೌಂಟನ್ ಅವರಲ್ಲಿ ಪ್ರಮುಖನು. ಕ್ರೈಸ್ತ ಭಕ್ತಿಗೀತೆಗಳಾದ ಗಾಸ್ಪೆಲ್ ಹಾಡುಗಳೇ ಅವರ ಸಂಪತ್ತು. 1944ರಲ್ಲಿ, ಅಂದರೆ ಪುಟ್ಟರಾಜರು ಆಶ್ರಮದ ಹೊಣೆ ಹೊತ್ತ ವರ್ಷದಲ್ಲಿಯೇ, ಆ ಬಾಲಕರು ಶಾಲೆಯನ್ನು ಬಿಟ್ಟು ಗಾಯನವನ್ನೇ ಜೀವನೋಪಾಯವಾಗಿ ಮಾಡಿಕೊಂಡು ಊರೂರು ಸುತ್ತಿದರು. ಮುಂದೆ 'ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ' ಎಂಬ ಹೆಸರಿನಿಂದ ಅವರು ಪ್ರಖ್ಯಾತರಾದರು. ಒಬ್ಬನ ಹೆಗಲ ಮೇಲೆ ಮತ್ತೊಬ್ಬನು ಕೈಯಿಟ್ಟು ಸಾಲಾಗಿ ವೇದಿಕೆಯನ್ನೇರುವುದು ಅವರ ವಾಡಿಕೆ. 1983ರಲ್ಲಿ ಗ್ರೀಕ್ ದುರಂತನಾಯಕ ಈಡಿಪಸನ ಕಥೆಯ ಸಂಗೀತ ನಾಟಕವೊಂದರಲ್ಲಿ ಅಂಧ ದೊರೆಯ ಪಾತ್ರವನ್ನು ಈ ತಂಡವೇ ಹಾಡಿ ನಿರ್ವಹಿಸಿತು. 2002ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿಯೂ ಲಭಿಸಿತು.

ಅಲ್ಲಿ ಶಾಲೆಯಿಂದ ಹೊರಬಂದ ಗೆಳೆಯರು ಒಂದು ತಂಡವಾದರು. ಇಲ್ಲಿ ತಂಡವೇ ಶಾಲೆಯಾಗಿ ತಲೆಮಾರುಗಳನ್ನು ಬೆಳೆಸಿತು. ಗದಗಿನ ಆಶ್ರಮದಲ್ಲಿ ಕಲಿತ ಅಂಧ ವಿದ್ಯಾರ್ಥಿಗಳು ಸಂಗೀತ ಶಿಕ್ಷಕರಾಗಿ, ಗಾಯಕರಾಗಿ, ಕೀರ್ತನಕಾರರಾಗಿ ಸ್ವಂತ ದುಡಿಮೆಯಿಂದ ಸಂಸಾರ ನಡೆಸಿದರು. ಬಳ್ಳಾರಿ ಸೀಮೆಯ ಬಡ ಕಲಾವಿದರ ಮನೆಯಿಂದ ಬಂದು ಪುಟ್ಟರಾಜರಲ್ಲಿ ಕಲಿತ ಎಂ. ವೆಂಕಟೇಶಕುಮಾರರು 2016ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಮರುಕದಿಂದ ನೀಡಿದ ತುತ್ತು ಒಂದು ಹೊತ್ತಿನ ಹಸಿವನ್ನು ನೀಗುತ್ತದೆ. ಕಲಿಸಿದ ವಿದ್ಯೆ ಬಾಳಿನುದ್ದಕ್ಕೂ ಅನ್ನವನ್ನೂ ಮಾನವನ್ನೂ ಕೊಡುತ್ತದೆ. ಕಲಿತವನು ಇನ್ನೊಬ್ಬನಿಗೆ ಕಲಿಸಿದಾಗ ಅದು ಇಮ್ಮಡಿಯಾಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರು ಬಾಲಕರಿಗೆ ತೋರಿದ ದಾರಿಯಲ್ಲಿ ಮುಂದೆ ನಡೆದುಬಂದವರು ಅದೆಷ್ಟು ಜನ!

ಶಬ್ದಾರ್ಥ
ಉಭಯ – ಎರಡು; ವಿಶಾರದ – ಪಂಡಿತ; ಜೋಳಿಗೆ – ಭಿಕ್ಷೆಯ ಚೀಲ; ಸ್ವರಗುಚ್ಛ – ಸ್ವರಗಳ ಗೊಂಚಲು; ಸಾಥಿ – ಪಕ್ಕವಾದ್ಯದ ನೆರವು; ಲಿಂಗೈಕ್ಯರಾಗು – ದೈವಾಧೀನರಾಗು

ಪ್ರಶ್ನೆಗಳು
1. ಪಂಚಾಕ್ಷರಿ ಗವಾಯಿಗಳ ಪಾಠಶಾಲೆಯನ್ನು ಸಂಚಾರಿ ಶಾಲೆ ಎನ್ನಲು ಕಾರಣವೇನು?
2. ಅಂಧ ಗಾಯಕರು ತಾಳವನ್ನು ಗುರುತಿಸುವ ಬಗೆಯನ್ನು ವಿವರಿಸಿರಿ.
3. ಹಂಪೆಯ ಉತ್ಸವದ ಪ್ರಸಂಗದಲ್ಲಿ ಗುರುವಿನ ಯಾವ ಗುಣ ವ್ಯಕ್ತವಾಗುತ್ತದೆ?
4. ಗದಗಿನ ಆಶ್ರಮಕ್ಕೂ ಅಲಬಾಮಾದ ತಂಡಕ್ಕೂ ಇರುವ ಹೋಲಿಕೆ ಮತ್ತು ವ್ಯತ್ಯಾಸಗಳನ್ನು ತಿಳಿಸಿರಿ.