ಸ್ವಂತ ಸಹಿಯ ನೋಟು



ಕಾಗದ ತಲುಪಿತು. ಮಂಡಿ ವ್ಯಾಪಾರದ ಮನೆಯಲ್ಲಿ ಬೆಳೆದ ನೀನು ಸರ್ಕಾರಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದೀಯ. ಅಪ್ಪನ ಪಕ್ಕ ಕೂತು ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀಯ. ನಿನ್ನಂಥವರು ಇನ್ನೂ ಕೆಲವರು ಇರಬಹುದೆಂದು ಪತ್ರಿಕೆಯಲ್ಲೇ ಉತ್ತರಿಸುತ್ತಿದ್ದೇನೆ. ಬರುತ್ತದೆ. ಎಷ್ಟು ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಬೇಕಾದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹಣಕಾಸು ನೋಡಿಕೊಂಡ ವರ್ತಕ ರಾಬರ್ಟ್ ಮಾರಿಸ್‌ನ ಬದುಕನ್ನು ಓದು.

1734ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ತಂದೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹೊಗೆಸೊಪ್ಪು ಖರೀದಿಯ ಏಜೆಂಟ್. ಮಗನನ್ನು ಅಲ್ಲಿಗೆ ಕರೆಸಿಕೊಂಡ ಕೆಲವೇ ವರ್ಷಕ್ಕೆ, ಹಡಗೊಂದು ಮರ್ಯಾದೆಗೆಂದು ಹಾರಿಸಿದ ತೋಪಿನ ಬಿರಡೆ ತಗುಲಿ ಆ ತಂದೆ ಸತ್ತ. ಹುಡುಗ ಫಿಲಡೆಲ್ಫಿಯಾದ ವಿಲ್ಲಿಂಗ್ ಮನೆತನದ ಅಂಗಡಿಯಲ್ಲಿ ಕೆಲಸ ಕಲಿತು 1757ರಲ್ಲಿ ಅಲ್ಲೇ ಪಾಲುದಾರನಾದ. ಹಡಗು, ಗೋಧಿ ಹಿಟ್ಟು, ವಿಮೆ, ಎಲ್ಲದರಲ್ಲೂ ಕೈಯಾಡಿಸಿದ. ಆಫ್ರಿಕಾದಿಂದ ಹಿಡಿದು ತಂದ ಮನುಷ್ಯರನ್ನೂ ಮಾರಿದ. ಆತನ ಚರಿತ್ರೆ ಬರೆಯುವ ಕೆಲವರು ಇದನ್ನು ಅರ್ಧ ಸಾಲಿನಲ್ಲಿ ದಾಟಿಸುತ್ತಾರೆ. ಲೆಕ್ಕ ನೋಡುವ ನೀನು ದಾಟಿಸಬೇಡ, ಬಂಡವಾಳದಲ್ಲಿ ಆ ಹಣವೂ ಇದೆ.

ಬ್ರಿಟಿಷರ ವಿರುದ್ಧ ಯುದ್ಧ ಶುರುವಾದಾಗ ಮದ್ದುಗುಂಡು ತರಿಸುವ ಗುತ್ತಿಗೆಗಳು ಮಾರಿಸ್‌ನ ಸ್ವಂತ ಕಂಪನಿಗೂ ಸಿಕ್ಕವು. ಕೊಡಿಸುವ ಸಮಿತಿಯಲ್ಲೂ ಆತನೇ ಇದ್ದ! ಜನ ಸುಮ್ಮನಿರಲಿಲ್ಲ. ಲೇಖಕ ಥಾಮಸ್ ಪೇನ್ 1779ರಲ್ಲಿ ಪತ್ರಿಕೆಯಲ್ಲೇ ಝಾಡಿಸಿದ. ವಿಚಾರಣೆಯಲ್ಲಿ ಮಾರಿಸ್ ನಿರ್ದೋಷಿ ಎಂದಾಯಿತು, ಅನುಮಾನ ಮಾತ್ರ ಹೋಗಲಿಲ್ಲ. ತಮಾಷೆಯೆಂದರೆ, ಮೂರು ವರ್ಷದ ಮೇಲೆ ಅದೇ ಪೇನ್‌ನನ್ನು ವರ್ಷಕ್ಕೆ 800 ಡಾಲರ್ ಕೊಟ್ಟು ತನ್ನ ಪರವಾಗಿ ಬರೆಯಲು ಇಟ್ಟುಕೊಂಡ. ವರ್ತಕ ಹಗೆ ಸಾಧಿಸುತ್ತ ಕೂರುವುದಿಲ್ಲ.

1781ರಲ್ಲಿ ಹಣಕಾಸಿನ ಉಸ್ತುವಾರಿ ವಹಿಸಿಕೊಂಡಾಗ ಬೊಕ್ಕಸ ಬರಿದಾಗಿತ್ತು. ಹಿಂದಿನ ವರ್ಷವೇ ಅಮೆರಿಕದ ರಾಜ್ಯಗಳ ಒಕ್ಕೂಟ ಸಭೆಯಾದ ಕಾಂಗ್ರೆಸ್ ತನ್ನ ಕಾಗದದ ಹಣಕ್ಕೆ ನಲವತ್ತಕ್ಕೆ ಒಂದರ ಬೆಲೆ ಕಟ್ಟಿತ್ತು. ತೆರಿಗೆ ಹಾಕುವ ಅಧಿಕಾರ ಆ ಕಾಂಗ್ರೆಸ್ಸಿಗೆ ಇರಲಿಲ್ಲ, ಹದಿಮೂರು ರಾಜ್ಯಗಳನ್ನು ಬೇಡಬೇಕು, ಅವು ಕೊಟ್ಟರೆ ಉಂಟು. ಮಾರಿಸ್ ಷರತ್ತು ಹಾಕಿದ: ನನ್ನ ವ್ಯಾಪಾರ ಬಿಡುವುದಿಲ್ಲ, ಸರ್ಕಾರಿ ಹಣ ಮುಟ್ಟುವ ಯಾರನ್ನಾದರೂ ತೆಗೆದುಹಾಕುವ ಅಧಿಕಾರ ನನಗಿರಬೇಕು. ನಮ್ಮ ನಡತೆ ನಿಯಮದಲ್ಲಿ ಮೊದಲನೆಯ ಷರತ್ತಿಗೇ ಮನೆಗೆ ಕಳಿಸುತ್ತಾರೆ. ಕಾಂಗ್ರೆಸ್ಸಿಗೆ ಬೇರೆ ಗತಿಯಿರಲಿಲ್ಲ, ಒಪ್ಪಿತು.

ಮಂಡಿಯಲ್ಲಿ ಕಲಿತದ್ದು ಎಷ್ಟು ದೂರ ಬರುತ್ತದೆಂದು ಇಲ್ಲಿ ನೋಡು. ಸೈನ್ಯಕ್ಕೆ ದಿನಸಿ ಒದಗಿಸಲು ಟೆಂಡರ್ ಕರೆದ. ಬ್ಯಾಂಕ್ ಆಫ್ ನಾರ್ತ್ ಅಮೆರಿಕ ಸ್ಥಾಪಿಸಿದ. ಫ್ರಾನ್ಸಿನಿಂದ ಬಾಸ್ಟನ್‌ಗೆ ಬಂದಿಳಿದ ಬೆಳ್ಳಿಯನ್ನು ಎತ್ತಿನ ಗಾಡಿಯಲ್ಲಿ ಹೇರಿ ತಂದು ಅದರ ಒಂದು ಪಾಲನ್ನೇ ಬಂಡವಾಳ ಮಾಡಿದ. 1782ರ ಜನವರಿಯಲ್ಲಿ ಬಾಗಿಲು ತೆರೆಯಿತು. ಇದೆಲ್ಲಕ್ಕಿಂತ ವಿಚಿತ್ರವಾದದ್ದು ಆತನ ನೋಟು. ನಿಮ್ಮಪ್ಪ ಬರೆದುಕೊಡುತ್ತಿದ್ದ ಹುಂಡಿಯಂತೆಯೇ, ಕೆಳಗೆ ಸ್ವಂತ ಸಹಿ. ಸರ್ಕಾರದ ಕಾಗದವನ್ನು ಮುಟ್ಟದ ಅಂಗಡಿಯವನು ಮಾರಿಸ್ ಸಹಿ ಕಂಡರೆ ಹಿಟ್ಟಿನ ಮೂಟೆ ಕೊಡುತ್ತಿದ್ದ.

ಬ್ಯಾಂಕ್ ತೆರೆಯುವ ಮೊದಲೇ, 1781ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಸೇನಾಪತಿ ವಾಷಿಂಗ್ಟನ್‌ನ ಸೈನ್ಯ ಯಾರ್ಕ್‌ಟೌನ್ ಕಡೆಗೆ ಹೊರಟಿತ್ತು. ಒಂದು ತಿಂಗಳ ಸಂಬಳವಾದರೂ ನಾಣ್ಯದಲ್ಲಿ ಕೊಡದಿದ್ದರೆ ಉತ್ತರದ ಸೈನಿಕರು ಹೆಜ್ಜೆ ಕೀಳುವ ಹಾಗಿರಲಿಲ್ಲ. ಮಾರಿಸ್ ಫ್ರೆಂಚ್ ಸೇನಾಪತಿ ರೋಶಾಂಬೋನಿಂದ 20,000 ಡಾಲರ್ ಬೆಳ್ಳಿ ಕೈಸಾಲ ತಂದು ಬಟವಾಡೆ ಮಾಡಿಸಿದ. ಅಕ್ಟೋಬರ್ 19ರಂದು ಅಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನೇ 1791ರಲ್ಲಿ ನಮ್ಮ ಬೆಂಗಳೂರು ಕೋಟೆ ಹಿಡಿದದ್ದು. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗೆ ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ದಂಡ ಹಾಕಿ, ಜಾಮೀನಿಗೆ ಎಳೆಯ ಮಕ್ಕಳಿಬ್ಬರನ್ನು ಕರೆದೊಯ್ದ. ಸಾಲಕ್ಕೆ ಯಾರನ್ನು ಜಾಮೀನು ನಿಲ್ಲಿಸುತ್ತಾರೆ ಎನ್ನುವುದನ್ನು ಚರಿತ್ರೆಯಲ್ಲಿ ಹುಡುಕುತ್ತ ಹೋದರೆ ಹೊಟ್ಟೆ ತೊಳಸುತ್ತದೆ.

ಆಮದಿನ ಮೇಲೆ ನೂರಕ್ಕೆ ಐದರ ಸುಂಕ ಬೇಕೆಂದು ಮಾರಿಸ್ ಬಡಿದುಕೊಂಡ. ಹದಿಮೂರೂ ರಾಜ್ಯ ಒಪ್ಪಬೇಕಿತ್ತು. 1782ರಲ್ಲಿ ಎಲ್ಲಕ್ಕಿಂತ ಪುಟ್ಟದಾದ ರೋಡ್ ಐಲೆಂಡ್ ಒಲ್ಲೆ ಎಂದಿತು, ಸುಂಕ ಬಿದ್ದುಹೋಯಿತು. ಮರುವರ್ಷ ಸೈನಿಕರನ್ನು ಮನೆಗೆ ಕಳಿಸುವಾಗ ಮೂರು ತಿಂಗಳ ಸಂಬಳಕ್ಕೆ ಮತ್ತೆ ಸ್ವಂತ ಸಹಿಯ ನೋಟು. ಸಾವಿರಾರು ಹಾಳೆಗೆ ಒಬ್ಬನೇ ಕೂತು ಸಹಿ ಹಾಕಬೇಕಾಯಿತು. ನೋಟು ಶಿಬಿರ ಮುಟ್ಟುವಷ್ಟರಲ್ಲಿ ಬಹಳ ಜನ ಬರಿಗೈಯಲ್ಲಿ ಊರಿಗೆ ಹೋಗಿಯಾಗಿತ್ತು. ಸಿಕ್ಕವರಲ್ಲೂ ಎಷ್ಟೋ ಮಂದಿ ಸಿಕ್ಕಷ್ಟಕ್ಕೆ ಮಾರಿಕೊಂಡರು. 1784ರಲ್ಲಿ ಮಾರಿಸ್ ಹುದ್ದೆ ಬಿಟ್ಟ.

ಇದನ್ನೆಲ್ಲ ತ್ಯಾಗವೆಂದು ಹೊಗಳುವ ಪುಸ್ತಕಗಳು ಬೇಕಾದಷ್ಟಿವೆ. ನನ್ನ ಎಣಿಕೆ ಬೇರೆ. ತೆರಿಗೆಯಿಲ್ಲದ ಸರ್ಕಾರ ಒಬ್ಬ ವರ್ತಕನ ಪತ್ತನ್ನು ಎರವಲು ಪಡೆದು ದಿನ ದೂಡಿತು. ತನ್ನ ಸಹಿಗೆ ತಳವೇ ಇಲ್ಲವೆಂದು ನಂಬುವ ಚಟ ಆತನಿಗೆ ಅಲ್ಲೇ ಹತ್ತಿತೆಂದು ನನಗನಿಸುತ್ತದೆ. ಮುಂದೆ ಸೆನೆಟರ್ ಆಗಿದ್ದಾಗಲೇ ಜಮೀನು ಸಟ್ಟಾಕ್ಕಿಳಿದ. 1795ರ ನಾರ್ತ್ ಅಮೆರಿಕನ್ ಲ್ಯಾಂಡ್ ಕಂಪನಿಯಲ್ಲಿ 60 ಲಕ್ಷ ಎಕರೆ, ಹೊಸ ರಾಜಧಾನಿಯಲ್ಲಿ ಸಾವಿರಾರು ನಿವೇಶನ. ಕೈಯಲ್ಲಿ ಕಾಸಿಲ್ಲ, ಆತನ ನೋಟಿಗೆ ಪಾಲುದಾರ ನಿಕಲ್ಸನ್ ಸಹಿ, ನಿಕಲ್ಸನ್ ನೋಟಿಗೆ ಈತನ ಸಹಿ. ಯೂರೋಪಿನ ಯುದ್ಧದಿಂದ ಹಣ ಬಿಗಿಯಾದಾಗ ಎಲ್ಲ ಒಟ್ಟಿಗೆ ಕುಸಿಯಿತು. 1798ರ ಫೆಬ್ರವರಿಯಲ್ಲಿ ಸಾಲಗಾರರ ಜೈಲು ಸೇರಿದ. ಅಂಗಳದಲ್ಲಿ ಸುತ್ತು ಹಾಕುತ್ತ, ಲೆಕ್ಕ ತಪ್ಪದಂತೆ ಒಂದೊಂದೇ ಹರಳು ಬೀಳಿಸುತ್ತಿದ್ದನೆಂದು ಅಲ್ಲಿ ಕಂಡವರು ಬರೆದಿದ್ದಾರೆ. ವಾಷಿಂಗ್ಟನ್ ಬಂದು ಆ ಜೈಲಿನಲ್ಲೇ ಊಟ ಮಾಡಿಹೋದ. 1800ರ ದಿವಾಳಿ ಕಾಯಿದೆಯಿಂದ ಮರುವರ್ಷ ಬಿಡುಗಡೆಯಾದ ಮಾರಿಸ್ 1806ರಲ್ಲಿ ತೀರಿಕೊಂಡ. ಬಾಕಿ ಸುಮಾರು 30 ಲಕ್ಷ ಡಾಲರ್.

ಈಗ ನಿನ್ನ ವಿಷಯ. ಮಾರ್ಚ್ ಕೊನೆಯಲ್ಲಿ ಅನುದಾನ ಬರಲಿಲ್ಲವೆಂದು ಕಸ ಗುಡಿಸುವ ಇಬ್ಬರಿಗೆ ಕೈಯಿಂದ ಸಂಬಳ ಕೊಟ್ಟೆ, ಎಲ್ಲರೂ ಹೊಗಳಿದರು ಎಂದು ಬರೆದಿದ್ದೀಯ. ಹಸಿದವರಿಗೆ ಕೊಟ್ಟದ್ದು ಸರಿ, ಬೇಡ ಅನ್ನಲಾರೆ. ಆದರೆ ಅನುದಾನ ಬಂದಿಲ್ಲ ಎಂದು ಮೇಲಕ್ಕೆ ಬರೆದೆಯಾ? ನೀನು ಕೊಟ್ಟುಬಿಟ್ಟರೆ ಆ ಕೊರತೆ ಖಜಾನೆಯ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಬರುವ ವರ್ಷವೂ ಅಷ್ಟೇ ಹಣ ಬರುತ್ತದೆ, ನಿನ್ನ ಜಾಗಕ್ಕೆ ಬರುವವರಿಗೆ ಕೈಯಿಂದ ಹಾಕಲು ಇಲ್ಲದಿರಬಹುದು. ಇಂದೇ ಬರೆ. ಲೆಕ್ಕ ಶೀರ್ಷಿಕೆ, ಮೊತ್ತ, ಎಷ್ಟು ದಿನದ ಬಾಕಿ, ಎಲ್ಲ ನಮೂದಿಸು. ಉತ್ತರ ಬಾರದಿದ್ದರೆ ನೆನಪೋಲೆ ಹಾಕು, ಕಚೇರಿ ಪ್ರತಿ ಜೋಪಾನ.

ಮತ್ತೆ, ಅಪ್ಪನ ಮಂಡಿಯ ಗೆಳೆಯರು ಬಿಲ್ಲಿನ ಮಾತೆತ್ತಿಕೊಂಡು ಬಂದೇ ಬರುತ್ತಾರೆ. ಕೂರಿಸು, ಕಾಫಿ ತರಿಸು. ಕಡತವನ್ನು ಮಾತ್ರ ಪರಿಚಯದವರೆಂಬ ಕಾರಣದ ಟಿಪ್ಪಣಿ ಬರೆದು ಮೇಲಿನವರಿಗೆ ಒಪ್ಪಿಸು. ಅವರು ಅಪ್ಪನಿಗೆ ದೂರು ಹೇಳಿದರೆ ಹೇಳಲಿ, ಅಪ್ಪನಿಗೆ ನಾನು ಫೋನ್ ಮಾಡುತ್ತೇನೆ.

ಇಂತು ನಿನ್ನ ದೊಡ್ಡಪ್ಪ