ಹೊಗೆಯ ರಭಸದಿಂದ ಪಂಪನ್ನು ಪ್ರೈಮ್ ಮಾಡುವ ಕ್ರಮ

ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ರೊಬಸ್ಟಾ ತೋಟಕ್ಕೆ ಹೂವಿನ ನೀರು ಕೊಡುವಾಗ ಕೆಲಸ ಕೆಡುವುದು ಅನೇಕ ವೇಳೆ ಎಂಜಿನ್ನಿನಿಂದಲ್ಲ, ಫುಟ್‌ವಾಲ್ವಿನಿಂದ. ಒಂದು ಕೊಳೆತ ಎಲೆ ಅದರ ಬಾಯಿಗೆ ಸಿಕ್ಕಿದರೆ ಸಾಕು, ತುಂಬಿಸಿದ ನೀರೆಲ್ಲ ಕೆರೆಗೆ ವಾಪಸು. ಆಳುಗಳು ಕೊಡಗಟ್ಟಲೆ ನೀರು ಸುರಿಯುತ್ತಿರುತ್ತಾರೆ, ಸ್ಪ್ರಿಂಕ್ಲರುಗಳು ಸುಮ್ಮನೆ ನಿಂತಿರುತ್ತವೆ. ಫುಟ್‌ವಾಲ್ವ್ ಇಲ್ಲದೆಯೇ ಪಂಪು ನಡೆಸುವ ಒಂದು ಸಾಧನವಿದೆ. ಅಗ್ನಿಶಾಮಕ ದಳದ ಎಳೆದೊಯ್ಯುವ ಪಂಪುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಹೊಗೆ ಎಜೆಕ್ಟರೇ ಅದು.

ಸೆಂಟ್ರಿಫ್ಯೂಗಲ್ ಪಂಪು ನೀರನ್ನು ತಳ್ಳಬಲ್ಲುದೇ ಹೊರತು ಗಾಳಿಯನ್ನು ಎಳೆಯಲಾರದು. ಸಕ್ಷನ್ ಪೈಪಿನ ಗಾಳಿಯನ್ನು ತೆಗೆದರೆ ಹೊರಗಿನ ವಾಯುಭಾರವೇ ನೀರನ್ನು ಮೇಲಕ್ಕೆ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಇದರ ಮಿತಿ 10.3 ಮೀಟರ್. ಚಿಕ್ಕಮಗಳೂರು, ಮಡಿಕೇರಿಗಳಂತೆ 1000 ಮೀಟರ್ ದಾಟಿದ ಎತ್ತರದಲ್ಲಿ ಅದು 9.2 ಮೀಟರಿಗೂ ಕಡಿಮೆ. ಪೈಪಿನ ಘರ್ಷಣೆ ಮುಂತಾದವನ್ನು ಕಳೆದರೆ 6 ಮೀಟರಿಗಿಂತ ಹೆಚ್ಚನ್ನು ನಂಬಿ ಕೂರಬಾರದೆಂದು ನನ್ನ ಅಭಿಪ್ರಾಯ.

ಎಜೆಕ್ಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಸೈಲೆನ್ಸರಿಗೆ ಹೋಗುವ ದಾರಿಯನ್ನು ಒಂದು ಮುಚ್ಚಳದಿಂದ ಅಡ್ಡಗಟ್ಟಿದಾಗ ಹೊಗೆಯು ಕಿರಿದಾದ ಜೆಟ್ಟಿನ ಮೂಲಕ ರಭಸವಾಗಿ ನುಗ್ಗುತ್ತದೆ. ಜೆಟ್ಟಿನ ಸುತ್ತ ಒತ್ತಡ ಕುಸಿಯುತ್ತದೆ. ಅಲ್ಲಿಂದ ಪಂಪಿನ ನೆತ್ತಿಗೆ ಒಂದು ಸಣ್ಣ ಕೊಳವೆ ಜೋಡಿಸಿದ್ದರೆ ಒಳಗಿನ ಗಾಳಿ ಹೊಗೆಯೊಡನೆ ಹೊರಬೀಳುತ್ತದೆ. 3 ಅಂಗುಲದ, 8 ಮೀಟರ್ ಉದ್ದದ ಪೈಪಿನಲ್ಲಿ ಇರುವುದು ಸುಮಾರು 35 ಲೀಟರ್ ಗಾಳಿ ಮಾತ್ರ.

ನಡೆಸುವಾಗ ಕ್ರಮ ತಪ್ಪಬಾರದು. ಡೆಲಿವರಿ ವಾಲ್ವನ್ನು ಭದ್ರವಾಗಿ ಮುಚ್ಚಿ, ಎಂಜಿನ್ ಚಾಲೂ ಮಾಡಿ, ಪ್ರೈಮಿಂಗ್ ಕಾಕನ್ನು ತೆರೆದು, ಹೊಗೆಯ ಮುಚ್ಚಳ ಹಾಕಿ ವೇಗ ಏರಿಸಬೇಕು. ಎಜೆಕ್ಟರಿನ ಬಾಯಿಂದ ನೀರು ಒಂದೇ ಸಮನೆ ಚಿಮ್ಮಿದೊಡನೆ ಮೊದಲು ಕಾಕನ್ನು ಮುಚ್ಚಬೇಕು, ಆಮೇಲೆ ಹೊಗೆಯ ದಾರಿ ಬಿಡಬೇಕು, ಕೊನೆಗೆ ಡೆಲಿವರಿಯನ್ನು ನಿಧಾನವಾಗಿ ತೆರೆಯಬೇಕು. ಕಾಕ್ ಮುಚ್ಚುವ ಮುನ್ನ ಡೆಲಿವರಿ ತೆರೆದರೆ ಗುಡ್ಡದ ಮೇಲಿನ ಪೈಪಿನ ನೀರೆಲ್ಲ ಎಜೆಕ್ಟರಿಗೆ ನುಗ್ಗಿ, ಅಲ್ಲಿಂದ ಸಿಲಿಂಡರನ್ನೂ ಸೇರೀತು. ಸಿಲಿಂಡರಿಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ನಿಮಿಷದೊಳಗೆ ನೀರು ಬಾರದಿದ್ದರೆ ಎಂಜಿನ್ನನ್ನು ಹಿಂಸಿಸದೆ ನಿಲ್ಲಿಸಿ ಕಾರಣ ಹುಡುಕಿರಿ. ನೀರಿಲ್ಲದೆ ತಿರುಗಿದ ಪಂಪಿನ ಸೀಲು ಬಹುಬೇಗ ಸುಟ್ಟುಹೋಗುತ್ತದೆ.

ಎಲ್ಲ ಎಂಜಿನ್ನಿಗೂ ಇದು ಸಮನಾಗಿ ಒಗ್ಗುವುದಿಲ್ಲ. ನಿಮಿಷಕ್ಕೆ 650 ಸುತ್ತಿನ ಹಳೆಯ ಲಿಸ್ಟರ್ ಮಾದರಿಯ ಒಂಟಿ ಸಿಲಿಂಡರ್ ಎಂಜಿನ್ನಿನ ಗಾತ್ರ ಸುಮಾರು 1.4 ಲೀಟರ್. ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ ಅದು ಸೇವಿಸುವ ಗಾಳಿ ನಿಮಿಷಕ್ಕೆ 455 ಲೀಟರ್. 2000 ಸುತ್ತಿನ 2.5 ಲೀಟರ್ ಎಂಜಿನ್ನು ಸೇವಿಸುವುದು 2500 ಲೀಟರ್. ಹೊಗೆಯ ಬಲವೂ ಅದೇ ಪ್ರಮಾಣದಲ್ಲಿ. ನಿಧಾನದ ಎಂಜಿನ್ ಇರುವವರು ಕೈಪಂಪಿನ ಪ್ರೈಮರ್ ಇಟ್ಟುಕೊಳ್ಳುವುದೇ ಲೇಸು. ಟರ್ಬೋ ಇರುವ ಎಂಜಿನ್ನಿಗಂತೂ ಈ ಪ್ರಯೋಗ ಬೇಡ.

ಬಹುಪಾಲು ದೂರುಗಳ ಮೂಲ ಎಜೆಕ್ಟರಲ್ಲ, ಗಾಳಿ ಸೋರಿಕೆ. ಗ್ಲಾಂಡ್ ಪ್ಯಾಕಿಂಗ್, ಫ್ಲಾಂಜಿನ ವಾಷರ್, ಬಿಗಿಯಾಗದ ಡೆಲಿವರಿ ವಾಲ್ವ್ — ಇವನ್ನು ಮೊದಲು ನೋಡಿ. ಒಂದು ವ್ಯಾಕ್ಯೂಮ್ ಗೇಜ್ ಕೂರಿಸಿದರೆ ಊಹೆಯ ಕೆಲಸ ತಪ್ಪುತ್ತದೆ. ನೀರು ಒಂದು ಮೀಟರ್ ಏರಲು ಸುಮಾರು 74 ಮಿಲಿಮೀಟರ್ ಪಾದರಸದ ವ್ಯಾಕ್ಯೂಮ್ ಬೇಕು. ಪೈಪಿನ ತುದಿಯನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ವ್ಯಾಕ್ಯೂಮ್ ಏರಿಸಿ, ಕಾಕ್ ಮುಚ್ಚಿ ಎಂಜಿನ್ ನಿಲ್ಲಿಸಿರಿ. ಮುಳ್ಳು ಬೇಗ ಇಳಿದರೆ ಜೋಡಣೆಗಳ ಬಳಿ ಊದುಬತ್ತಿ ಹಿಡಿಯಿರಿ, ಹೊಗೆ ಎಲ್ಲಿ ಒಳಸೇರುವುದೋ ಅಲ್ಲಿಯೇ ದೋಷ. ಸಕ್ಷನ್ ಪೈಪು ಕೆರೆಯಿಂದ ಪಂಪಿನವರೆಗೆ ಏರುತ್ತಲೇ ಬರಬೇಕು. ನಡುವೆ ಗೂನು ಇದ್ದರೆ ಅಲ್ಲಿ ಗಾಳಿ ತಂಗುತ್ತದೆ. ಫುಟ್‌ವಾಲ್ವ್ ತೆಗೆದರೂ ಜಾಲರಿ ಇರಲೇಬೇಕು.

ಅಡಿಕೆ ತೋಟದ ಬಾವಿಗಳ ವಿಚಾರವಾಗಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಎಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸುವ ಯೋಚನೆ ಬರುತ್ತದೆ. ಯಾವ ಕಾರಣಕ್ಕೂ ಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೀಪ ಇಳಿಸಿ ನೋಡುವ ವಾಡಿಕೆ ಇಲ್ಲಿ ಕೆಲಸಕ್ಕೆ ಬಾರದು: ದೀಪ ಚೆನ್ನಾಗಿ ಉರಿಯುತ್ತಿರುವಾಗಲೇ ಮನುಷ್ಯ ಪ್ರಜ್ಞೆ ತಪ್ಪಿ ಬೀಳಬಹುದು, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಅಂಥ ಬಾವಿಗೆ ವಿದ್ಯುತ್ತಿನ ಸಬ್‌ಮರ್ಸಿಬಲ್ ಪಂಪನ್ನೇ ಹಾಕಿಸಿ. ಪಂಪಿನ ಶೆಡ್ಡಿನಲ್ಲಿಯೂ ಎಜೆಕ್ಟರಿನ ಬಾಯಿ ಗೋಡೆಯ ಹೊರಗಿರಲಿ.

ಇನ್ನು ಆರೈಕೆ ಅಲ್ಪವೇ. ಡೀಸೆಲ್ ಮಸಿಯಿಂದ ಜೆಟ್ಟು ಕಟ್ಟಿಕೊಳ್ಳುತ್ತದೆ. ಜನವರಿಯಲ್ಲಿಯೇ ಬಿಚ್ಚಿ ಹಿತ್ತಾಳೆ ತಂತಿಯಿಂದ ಕೆರೆಯಿರಿ. ಉಕ್ಕಿನ ಉಳಿ ಹಾಕಿದರೆ ರಂಧ್ರ ಅಗಲವಾಗಿ ಎಳೆತ ಕುಗ್ಗುತ್ತದೆ. ಮುಚ್ಚಳದ ಕೀಲು ತುಕ್ಕು ಹಿಡಿಯದಂತೆ ಗ್ರಾಫೈಟ್ ಹಚ್ಚಿಡಿ, ಎಣ್ಣೆ ಆ ಬಿಸಿಗೆ ಉರಿದುಹೋಗುತ್ತದೆ.